ಅಟ್ಟ ಸೇರಿದ ಬ್ರಷ್ ಕಟರ್ ಮತ್ತೆ ಓಡಿಸಿದ್ದು

52 ಸಿಸಿಯ ಎರಡು ಸ್ಟ್ರೋಕ್ ಬ್ರಷ್ ಕಟರ್, ಅಂದರೆ ಕಳೆ ಹೊಡೆಯುವ ಮಷಿನ್. ಹೆಗಲಿಗೆ ಬೆಲ್ಟ್ ಹಾಕಿಕೊಂಡು ಓಡಿಸುವ ಥರದ್ದು. ಹೆಸರು ಅಂಗಡಿಗೊಂದು, ಒಳಗಿನ ಎಂಜಿನ್ ಮಾತ್ರ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ. ಹೊಸನಗರದ ಕಡೆ ನಮ್ಮ ಭಾವನ ಮನೆಯದು. ಕೊಂಡ ವರ್ಷ ಅಡಿಕೆ ತೋಟದಲ್ಲಿ ಒಂದು ಸುತ್ತು ಕಳೆ ಹೊಡೆದಿತ್ತು, ಆಮೇಲೆ ಕೊಟ್ಟಿಗೆಯ ಅಟ್ಟ ಹತ್ತಿದ್ದು ವರ್ಷಗಟ್ಟಲೆ ಇಳಿದಿರಲಿಲ್ಲ. ಅದರ ಪಕ್ಕದಲ್ಲೇ ಒಂದು ಕಾರ್ಡ್‌ಲೆಸ್ ಡ್ರಿಲ್, ಒಂದು ಇನ್ವರ್ಟರ್ ವೆಲ್ಡಿಂಗ್ ಮಷಿನ್, ಮರ ನುಣುಪು ಮಾಡುವ ಒಂದು ಉಜ್ಜುಗೊರಡು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಎಚ್‌ಟಿಪಿ ಪಂಪ್. ಎಲ್ಲದಕ್ಕೂ ಗೋಣಿಚೀಲ ಹೊದಿಸಿತ್ತು, ಅಷ್ಟರ ಮಟ್ಟಿಗೆ ಜೋಪಾನ.

ಭಾವ ಸೋಮಾರಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಇಂಥ ಕತೆ ಕೇಳಿದರೆ ದುಡ್ಡು ಜಾಸ್ತಿ ಆಗಿದೆ ಅಂತ ನಗುವವರೇ ಹೆಚ್ಚು. ಆದರೆ ಲೆಕ್ಕ ಹಾಕಿ ನೋಡಿ. ತೋಟದಲ್ಲಿ ಕಳೆ ಹೊಡೆಯುವುದು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಹಿಂದಾದ ಮೇಲೆ ಕೊನೆಕೊಯ್ಲಿಗೆ ಮೊದಲು ಇನ್ನೊಮ್ಮೆ. ಕೊಳೆ ಔಷಧಿ ಜೂನ್ ಆಸುಪಾಸು ಒಂದು ಸಲ, ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಸಲ. ಅಂದರೆ ಚೆನ್ನಾಗಿ ಬಳಸುವವರ ಮನೆಯಲ್ಲೂ ಈ ಮಷಿನ್‌ಗಳು ವರ್ಷದ ಬಹುಪಾಲು ಸುಮ್ನೆ ಕೂತಿರುತ್ತವೆ. ಆ ಕೂರುವ ಕಾಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಗಡಿಯಲ್ಲಿ ಎಷ್ಟು ಎಚ್‌ಪಿ, ಎಷ್ಟು ಬ್ಲೇಡ್ ಫ್ರೀ ಅಂತ ಹೇಳುತ್ತಾರೆ, ಅಷ್ಟು ತಿಂಗಳು ಅದನ್ನು ಎಲ್ಲಿ ಹೇಗೆ ಇಡಬೇಕು ಅಂತ ಹೇಳುವುದಿಲ್ಲ. ಕೊಳ್ಳುವವರೂ ಕೇಳುವುದಿಲ್ಲ. ನಾನು ಬಿಚ್ಚಿ ನೋಡಿದ ಮಟ್ಟಿಗೆ ಇಂಥ ಸಣ್ಣ ಎಂಜಿನ್‌ಗಳು ಓಡಿ ಸವೆದದ್ದಕ್ಕಿಂತ ಕೂತು ಕೆಟ್ಟದ್ದೇ ಜಾಸ್ತಿ.

ಇಳಿಸಿದ ಕೂಡಲೆ ಸ್ಟಾರ್ಟ್ ಮಾಡುವ ಹಗ್ಗ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಎಳೆಯಬೇಡಿ. ಮೊದಲು ಸೈಲೆನ್ಸರ್ ಬಾಯಿ ನೋಡಿ. ಇದರಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ ಬಾಯಿ ಪೂರ್ತಿ ಮುಚ್ಚಿತ್ತು. ಹಾಗೇ ಎಳೆದಿದ್ದರೆ ಮಣ್ಣಿನ ಪುಡಿ ಒಳಗಿನ ಪೋರ್ಟ್ ದಾರಿಯಾಗಿ ಪಿಸ್ಟನ್ ಹತ್ತಿರ ಹೋಗುವ ಸಾಧ್ಯತೆ ಇದೆ. ಸೈಲೆನ್ಸರ್‌ನ ಬೋಲ್ಟ್ ತೆಗೆದು ಅದನ್ನೇ ಹೊರಗಿಟ್ಟು ತಟ್ಟಿದೆ. ಹಿಡಿ ಮಣ್ಣು, ಅದರ ಜೊತೆ ಒಣಗಿದ ಹುಳು. ಒಳಗಿನ ಸಣ್ಣ ಜಾಲರಿಯೂ ಮಸಿ ಹಿಡಿದಿತ್ತು, ಅದನ್ನು ತಂತಿ ಬ್ರಷ್‌ನಲ್ಲಿ ಉಜ್ಜಿದ್ದಾಯಿತು. ತೆಗೆದ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಪಿಸ್ಟನ್‌ನ ಮೈ ಕಾಣುತ್ತದೆ. ಉದ್ದುದ್ದ ಗೀರು ಬಿದ್ದಿದ್ದರೆ ಅಲ್ಲಿಗೇ ಕೈ ಬಿಡುವುದು ವಾಸಿ, ರಿಪೇರಿ ಖರ್ಚು ಹೊಸ ಮಷಿನ್ ಹತ್ತಿರ ಹೋಗುತ್ತದೆ. ಇದರದ್ದು ನುಣ್ಣಗೆ ಹೊಳೆಯುತ್ತಿತ್ತು. ಒಂದೇ ಸುತ್ತು ಓಡಿದ್ದಲ್ವಾ.

ಆಮೇಲೆ ಕಿಡಿ ಕೊಡುವ ಪ್ಲಗ್. ಈ ಜಾತಿಯ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಎಲ್7ಟಿ ನಂಬರಿನ ಪ್ಲಗ್ ಬರುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಬಿಚ್ಚಿ, ಕ್ಯಾಪ್ ಹಾಕಿ, ಪ್ಲಗ್‌ನ ಲೋಹದ ಮೈಯನ್ನು ಸಿಲಿಂಡರ್‌ಗೆ ತಾಗಿಸಿ ಹಿಡಿದು ಹಗ್ಗ ಎಳೆದರೆ ನೀಲಿ ಕಿಡಿ ಕಾಣಬೇಕು. ಇದನ್ನು ನೆರಳಲ್ಲಿ ಮಾಡಿ, ಬಿಸಿಲಲ್ಲಿ ಕಿಡಿ ಕಾಣುವುದಿಲ್ಲ. ಪೆಟ್ರೋಲ್ ಚೆಲ್ಲಿದ ಜಾಗದ ಹತ್ತಿರ ಅಂತೂ ಬೇಡವೇ ಬೇಡ. ಕಿಡಿ ಬಂತು. ಪ್ಲಗ್ ತುದಿಯ ಗ್ಯಾಪ್ 0.6ರಿಂದ 0.7 ಮಿಲಿಮೀಟರ್ ಇರಬೇಕು, ಇತ್ತು. ಪ್ಲಗ್ ರಂಧ್ರದಿಂದ ನಾಲ್ಕು ಹನಿ 2ಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಆಯಿಲ್) ಬಿಟ್ಟು, ಹಗ್ಗವನ್ನು ನಿಧಾನಕ್ಕೆ ಎಳೆದು ಆಯಿಲ್ ಹರಡಿಸಿದೆ. ಪ್ಲಗ್ ವಾಪಸ್ ಹಾಕಿ ಎಳೆದಾಗ ಕೈಗೆ ಗಟ್ಟಿ ತಡೆ ಸಿಕ್ಕಿತು, ಅಂದರೆ ಕಂಪ್ರೆಷನ್ ಇದೆ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಸೈಲೆನ್ಸರ್ ಕೂರಿಸಿ, ಪ್ಲಗ್ ರಂಧ್ರದಿಂದ ಅರ್ಧ ಚಮಚದಷ್ಟು ಹೊಸ ಪೆಟ್ರೋಲ್-ಆಯಿಲ್ ಮಿಶ್ರಣ ಬಿಟ್ಟು, ಪ್ಲಗ್ ಬಿಗಿದು, ಎಳೆದೆ. ಎರಡು ಸೆಕೆಂಡ್ ಗರ್ರ್ ಅಂದು ನಿಂತಿತು. ಇಷ್ಟೇ ಬೇಕಾಗಿದ್ದು. ಎಂಜಿನ್ ಸರಿ ಇದೆ, ಕಿಡಿ ಸರಿ ಇದೆ, ಪೆಟ್ರೋಲ್ ಬರುತ್ತಿಲ್ಲ. ಇನ್ನು ತಲೆ ಕೆಡಿಸಿಕೊಳ್ಳುವುದು ಟ್ಯಾಂಕಿನಿಂದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ತನಕ ಮಾತ್ರ. ತುಂಬಾ ಜನ ಇದೊಂದು ಪರೀಕ್ಷೆ ಮಾಡದೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಬದಲಿಸು, ಪ್ಲಗ್ ಬದಲಿಸು ಅಂತ ದುಡ್ಡು ಸುರಿಯುತ್ತಾರೆ.

ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಹಾಗೇ ಇತ್ತು. ಗಾಜಿನ ಬಾಟಲಿಗೆ ಬಗ್ಗಿಸಿದೆ. ಮೇಲೆ ಚಹಾ ಡಿಕಾಕ್ಷನ್ ಬಣ್ಣ, ವಾರ್ನಿಷ್ ವಾಸನೆ, ತಳದಲ್ಲಿ ಬೇರೆಯದೇ ಒಂದು ಮಸುಕು ಪದರ. ಈ ತಳದ ಪದರವೇ ಈಗಿನ ಕಾಲದ ತೊಂದರೆ. ನಮ್ಮ ಪೆಟ್ರೋಲಿನಲ್ಲಿ ಎಥನಾಲ್ ಇದೆ. 2022ರಲ್ಲಿ ದೇಶದಲ್ಲಿ ಸರಾಸರಿ ನೂರಕ್ಕೆ 10 ಭಾಗ ಮುಟ್ಟಿತ್ತು. 20 ಭಾಗದ ಇ20 ಮಾರಾಟ ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಹಾಕುವುದು ಅದನ್ನೇ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಒಂದು ಮಿತಿ ದಾಟಿದ ಕೂಡಲೆ ಎಥನಾಲ್ ಮತ್ತು ನೀರು ಎರಡೂ ಸೇರಿ ಪೆಟ್ರೋಲಿನಿಂದ ಬಿಟ್ಟುಕೊಂಡು ತಳಕ್ಕೆ ಇಳಿಯುತ್ತವೆ. ಪೆಟ್ರೋಲಿಗೆ ಹಾಕಿದ 2ಟಿ ಆಯಿಲ್ ಮೇಲಿನ ಪದರದಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದು ತಳದಲ್ಲಿ, ಹಾಗಾಗಿ ಎಂಜಿನ್‌ಗೆ ಮೊದಲು ಹೋಗುವುದು ಆಯಿಲ್ ಇಲ್ಲದ ಈ ನೀರು. ಮಲೆನಾಡಿನ ಜುಲೈ ತಿಂಗಳಲ್ಲಿ, ಉಪ್ಪು ಕೂಡ ಡಬ್ಬಿಯೊಳಗೇ ಕರಗುವ ಊರಲ್ಲಿ, ಅರ್ಧ ತುಂಬಿದ ಟ್ಯಾಂಕ್ ಇಟ್ಟರೆ ಏನಾಗುತ್ತದೆ ಹೇಳಿ. ಸಣ್ಣ ಎಂಜಿನ್‌ಗಳ ಕೈಪಿಡಿ ತೆರೆದು ನೋಡಿದರೆ ಹೆಚ್ಚಿನ ಕಂಪನಿಯವರು ಎಥನಾಲ್ ನೂರಕ್ಕೆ 10 ದಾಟಬಾರದು ಅಂತಲೇ ಬರೆದಿರುತ್ತಾರೆ.

ಎಷ್ಟು ಎಥನಾಲ್ ಇದೆ ಅಂತ ಮನೆಯಲ್ಲೇ ನೋಡಬಹುದು. ಗುರುತು ಇರುವ ಗಾಜಿನ ಸಿಲಿಂಡರ್‌ನಲ್ಲಿ 20 ಮಿಲಿ ನೀರು, ಅದರ ಮೇಲೆ 100 ಮಿಲಿ ಪೆಟ್ರೋಲ್. ಮುಚ್ಚಿ ಅಲ್ಲಾಡಿಸಿ, ಒಂದು ಸಲ ಬಾಯಿ ಸಡಿಲಿಸಿ ಆವಿ ಬಿಟ್ಟು, ಹತ್ತು ನಿಮಿಷ ಹಾಗೇ ಬಿಡಿ. ತಳದ ಪದರ 20ರಿಂದ ಎಷ್ಟು ಮೇಲೇರಿತೋ ಹೆಚ್ಚುಕಡಿಮೆ ಅಷ್ಟು ಎಥನಾಲ್. ನಾನು ಮಾಡಿದಾಗ 40ರ ಗೆರೆ ಹತ್ತಿರ ನಿಂತಿತು. ಇದನ್ನು ಬಯಲಲ್ಲೇ ಮಾಡಬೇಕು, ಒಲೆ ಇರುವ ಮನೆಯೊಳಗೆ ಅಲ್ಲ. ಹೀಗೆ ನೀರು ಹಾಕಿ ಎಥನಾಲ್ ತೊಳೆದು, ಉಳಿದ ಪೆಟ್ರೋಲನ್ನೇ ಮಷಿನ್‌ಗೆ ಹಾಕುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ಎಥನಾಲ್ ಹೋದರೆ ಆಕ್ಟೇನ್ ಇಳಿಯುತ್ತದೆ, ಜೊತೆಗೆ ಒಂದಿಷ್ಟು ನೀರು ಒಳಗೆ ಉಳಿದೇ ಉಳಿಯುತ್ತದೆ. ಬೇಕಾದಷ್ಟೇ ತಂದು, ಮಿಶ್ರ ಮಾಡಿ, ಅದೇ ವಾರ ಮುಗಿಸುವುದೇ ಸುಲಭ.

ಟ್ಯಾಂಕಿನ ಒಳಗಿನ ಪೈಪುಗಳು ಮುಟ್ಟಿದರೆ ಮುರಿಯುವಂತಿದ್ದವು. ಎರಡು ಪೈಪು ಇರುತ್ತವೆ, ಫಿಲ್ಟರ್ ಇರುವುದು ಕಾರ್ಬುರೇಟರ್‌ಗೆ ಹೋಗುವುದು, ಇನ್ನೊಂದು ವಾಪಸ್ ಬರುವುದು. ಇದರ ನಡುವೆ ಕೈಯಲ್ಲಿ ಒತ್ತುವ ಪ್ರೈಮರ್ ಗುಂಡಿ. ಗುಂಡಿಯೂ ಬಿರುಕು ಬಿಟ್ಟಿತ್ತು. ಬಿರುಕು ಬಿಟ್ಟ ಪೈಪು ಪೆಟ್ರೋಲ್ ಸೋರುವುದಕ್ಕಿಂತ ಮೊದಲು ಗಾಳಿ ಎಳೆಯುತ್ತದೆ, ಹಾಗಾಗಿ ಹೊರಗೆ ಒದ್ದೆ ಕಾಣಲಿಲ್ಲ ಅಂತ ಬಿಟ್ಟುಬಿಡಬೇಡಿ. ಎಲ್ಲ ಹೊಸದು ಹಾಕಿದೆ. ಪೈಪು ತೂರಿಸುವಾಗ ತುದಿಯನ್ನು ಓರೆಯಾಗಿ ಕತ್ತರಿಸಿ, 2ಟಿ ಆಯಿಲ್ ಸವರಿ, ಮೂತಿ ಚೂಪಿನ ಇಕ್ಕಳದಲ್ಲಿ ಒಳಗಿನಿಂದ ಎಳೆದರೆ ಬರುತ್ತದೆ. ಇಲ್ಲದಿದ್ದರೆ ಬೈಗುಳ ಮಾತ್ರ ಬರುತ್ತದೆ.

ಇನ್ನು ಕಾರ್ಬುರೇಟರ್. ಬೈಕಿನದ್ದರ ಹಾಗೆ ಇದರಲ್ಲಿ ತೇಲುವ ಫ್ಲೋಟ್ ಇಲ್ಲ. ಮಷಿನ್ ಹೇಗೆ ಓರೆ ಮಾಡಿದರೂ ಓಡಬೇಕಲ್ವಾ, ಅದಕ್ಕೆ ಎರಡು ಡಯಾಫ್ರಂ, ಅಂದರೆ ತೆಳ್ಳಗಿನ ಪರದೆ, ಇರುತ್ತವೆ. ಒಂದು ಬದಿಯಲ್ಲಿ ಪಂಪಿನ ಡಯಾಫ್ರಂ, ಎಂಜಿನ್ ಒತ್ತಡದ ಏರಿಳಿತಕ್ಕೆ ಅದು ಬಡಿದುಕೊಂಡು ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಬದಿಯದು ಅಳತೆಯ ಡಯಾಫ್ರಂ, ಅದರ ಕೆಳಗೆ ಸಣ್ಣ ತೊಲೆಯಂಥ ಲೀವರ್, ಲೀವರ್ ತುದಿಯಲ್ಲಿ ಸೂಜಿ ವಾಲ್ವ್. ಡಯಾಫ್ರಂ ಒಳಕ್ಕೆ ಬಾಗಿದಾಗ ಲೀವರ್ ಒತ್ತಿ ಸೂಜಿ ಎದ್ದು ಪೆಟ್ರೋಲ್ ಬಿಡುತ್ತದೆ. ಈ ಡಯಾಫ್ರಂ ಮೆತ್ತಗೆ ಇದ್ದರೆ ಮಾತ್ರ ಕೆಲಸ. ಕೂತು ಒಣಗಿದರೆ ಗಟ್ಟಿಯಾಗಿಬಿಡುತ್ತದೆ. ಇದರದ್ದನ್ನು ಬೆರಳಲ್ಲಿ ಒತ್ತಿದರೆ ಒಣಗಿದ ಬಾಳೆಪಟ್ಟೆಯ ಹಾಗೆ ಚಟಪಟ ಅನ್ನುತ್ತಿತ್ತು.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಪ್ರತಿ ಪದರ ಎತ್ತುವಾಗಲೂ. ಈ ಜಾತಿಯಲ್ಲಿ ಅಳತೆಯ ಬದಿಗೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಂ. ಪಂಪಿನ ಬದಿಗೆ ಉಲ್ಟಾ, ಮೊದಲು ಡಯಾಫ್ರಂ, ಆಮೇಲೆ ಗ್ಯಾಸ್ಕೆಟ್. ತಿರುವುಮುರುವು ಆದರೆ ಮಷಿನ್ ಸ್ಟಾರ್ಟ್ ಆಗುವುದಿಲ್ಲ, ಯಾಕೆ ಅಂತಲೂ ಗೊತ್ತಾಗುವುದಿಲ್ಲ. ಲೀವರ್‌ನ ಪುಟ್ಟ ಸ್ಕ್ರೂ ಬಿಚ್ಚುವಾಗ ಕೆಳಗಿನ ಸ್ಪ್ರಿಂಗ್ ಹಾರುತ್ತದೆ, ಬೆರಳು ಅಡ್ಡ ಇಡಿ, ಕೆಳಗೆ ಬಿಳಿ ಪಂಚೆ ಹಾಸಿ ಕೂತರೆ ಇನ್ನೂ ವಾಸಿ. ಕಾರ್ಬ್ ಕ್ಲೀನರ್ ಸ್ಪ್ರೇ ಪ್ರತಿ ರಂಧ್ರಕ್ಕೂ ಹೊಡೆದು, ಇನ್ನೊಂದು ಕಡೆಯಿಂದ ಹೊರಬರುವುದನ್ನು ನೋಡಬೇಕು. ಕನ್ನಡಕ ಹಾಕಿಕೊಂಡೇ ಹೊಡೆಯಿರಿ, ಯಾವ ರಂಧ್ರದಿಂದ ಎಲ್ಲಿಗೆ ಚಿಮ್ಮುತ್ತದೆ ಅಂತ ಹೇಳಲಾಗುವುದಿಲ್ಲ. ಪಂಪಿನ ಬದಿಯ ಸಣ್ಣ ಜಾಲರಿ ಅಂಟಿನಿಂದ ಮುಚ್ಚಿತ್ತು. ಪೆಟ್ರೋಲ್ ಚಿಮ್ಮುವ ಸಣ್ಣ ರಂಧ್ರಕ್ಕೆ, ಅಂದರೆ ಜೆಟ್‌ಗೆ, ಉಕ್ಕಿನ ಸೂಜಿ, ಸೇಫ್ಟಿ ಪಿನ್ ಹಾಕಬಾರದು, ರಂಧ್ರ ದೊಡ್ಡದಾದರೆ ಮುಗಿಯಿತು. ಕರೆಂಟ್ ವೈರಿನ ಒಂದು ತಾಮ್ರದ ಎಳೆ ಸಾಕು.

ಹೊಸ ಡಯಾಫ್ರಂ, ಗ್ಯಾಸ್ಕೆಟ್, ಸೂಜಿ ಎಲ್ಲ ಸೇರಿದ ಕಿಟ್ ಅಗ್ಗ. ಇಡೀ ಹೊಸ ಕಾರ್ಬುರೇಟರ್ ಕೂಡ ಈ ಚೀನಾ ಮಾದರಿಗೆ ಅಂಥ ದುಬಾರಿಯಲ್ಲ. ಅದನ್ನೇ ಹಾಕಿಬಿಡಿ ಅಂದ ಅಂಗಡಿಯವರ ಮಾತು ತಪ್ಪಲ್ಲ. ಆದರೆ ಕಿಟ್ ಹಾಕಲು ಕಲಿತವನು ಮುಂದಿನ ಸಲ ಮಳೆ ನಡುವೆ ಸಾಗರಕ್ಕೋ ಶಿವಮೊಗ್ಗಕ್ಕೋ ಓಡಬೇಕಾಗಿಲ್ಲ. ಒಂದು ಕಿಟ್ ಹಾಕಿ, ಇನ್ನೊಂದನ್ನು ಮಷಿನ್‌ನ ಚೀಲದಲ್ಲೇ ಕಟ್ಟಿಟ್ಟೆವು.

ಜೋಡಿಸಿದ ಮೇಲೆ ಮಿಶ್ರಣ. ಈ ಮಷಿನ್‌ನ ಮೈಮೇಲೆ 25:1 ಅಂತ ಬರೆದಿದೆ, ಅಂದರೆ ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿ ಆಯಿಲ್. ಒಳ್ಳೆ ಕಂಪನಿಯ ಎಷ್ಟೋ ಎಂಜಿನ್‌ಗಳಿಗೆ 50:1 ಸಾಕು, 20 ಮಿಲಿ. ಮಷಿನ್ ಮೇಲೆ ಬರೆದದ್ದನ್ನೇ ನಂಬಿ, ಪಕ್ಕದ ಮನೆಯವರ ಅಂದಾಜು ಬೇಡ. ಗುಂಡಿ ಒತ್ತಿ ವಾಪಸ್ ಪೈಪಿನಲ್ಲಿ ಪೆಟ್ರೋಲ್ ಕಾಣುವ ತನಕ ತುಂಬಿಸಿ, ಚೋಕ್ ಹಾಕಿ ಎಳೆದೆವು. ಕೆಮ್ಮಿತು, ಚೋಕ್ ತೆಗೆದು ಮತ್ತೆ ಎಳೆದಾಗ ಹಿಡಿಯಿತು. ಒಳಗೆ ಬಿಟ್ಟಿದ್ದ ಆಯಿಲ್ ಉರಿಯುವ ತನಕ ಕೊಟ್ಟಿಗೆ ತುಂಬಾ ಬಿಳಿ ಹೊಗೆ, ದನಗಳಿಗೆ ಸಿಟ್ಟು. ಬಿಸಿಯಾದ ಮೇಲೆ ಐಡಲ್ ಸ್ಕ್ರೂ ತಿರುಗಿಸಿ, ಕೈ ಬಿಟ್ಟಾಗ ಬ್ಲೇಡ್ ತಿರುಗದ ಹಾಗೆ ಇಳಿಸಿದೆ. ಇದು ಮುಖ್ಯ. ಐಡಲ್‌ನಲ್ಲಿ ಬ್ಲೇಡ್ ತಿರುಗುತ್ತಿದ್ದರೆ ಆ ಮಷಿನ್ ಯಾರ ಹೆಗಲಿಗೂ ಕೊಡಬಾರದು.

ಬ್ಲೇಡಿನ ನಟ್ ಉಲ್ಟಾ ಮರೆಯದು (ಥ್ರೆಡ್‌ನದು), ಬಲಕ್ಕೆ ತಿರುಗಿಸಿದರೆ ಸಡಿಲ. ಗೊತ್ತಿಲ್ಲದವರು ಬಿಚ್ಚುತ್ತೇನೆ ಅಂತ ಬಿಗಿದು ಬಿಗಿದು ಮರೆ ಹಾರಿಸುತ್ತಾರೆ. ಗೇರ್ ತಲೆಯ ಪಕ್ಕದ ಬೋಲ್ಟ್ ತೆಗೆದು ಲಿಥಿಯಂ ಗ್ರೀಸ್ ತುಂಬಿಸಿದೆ, ಒಳಗೆ ಹಳೇದು ಸೋಪಿನ ತುಂಡಾಗಿ ನಿಂತಿತ್ತು.

ಮಷಿನ್ ಓಡಿತು. ಅದು ಅಟ್ಟಕ್ಕೆ ಹೋಗಿದ್ದು ಯಾಕೆ ಅಂತ ಭಾವನನ್ನು ಕೇಳಿದರೆ, ಇಡಲು ಕೆಳಗೆ ಜಾಗ ಇರಲಿಲ್ಲ ಅಂದರು. ಅಷ್ಟೇ ಕಾರಣ. ಎರಡು ಆಳುದ್ದದ ಏಣಿ ಹಾಕಿ, ಉದ್ದ ಕೋಲಿನ ಮಷಿನ್ ಇಳಿಸಲು ಇಬ್ಬರು ಬೇಕು. ಒಬ್ಬರೇ ಇದ್ದ ದಿನ ಕತ್ತಿ ತಗೊಂಡು ಹೋಗುವುದೇ ಸಲೀಸು. ಹಾಗೇ ಕತ್ತಿಯೇ ಗಟ್ಟಿಯಾಯಿತು. ಅದಕ್ಕೆ ರಿಪೇರಿಯಷ್ಟೇ ಹೊತ್ತು ಒಂದು ಸ್ಟ್ಯಾಂಡಿಗೂ ಕೊಟ್ಟೆವು.

ಕೊಟ್ಟಿಗೆಯ ಬಾಗಿಲ ಪಕ್ಕ, ಸೂರಿನ ಹನಿ ಸಿಡಿಯದ ಗೋಡೆ. ಅಡಿಕೆ ಮರ ಸೀಳಿದ ಎರಡು ದಪ್ಪ ದಬ್ಬೆಯನ್ನು ಅಡ್ಡಕ್ಕೆ ಬೋಲ್ಟ್ ಹಾಕಿ ಕೂರಿಸಿ, ಅದರ ಮೇಲೆ ಜಿಐ ಪೈಪಿನ ಬಗ್ಗಿಸಿದ ಕೊಕ್ಕೆಗಳು. ದಬ್ಬೆ ಚೆನ್ನಾಗಿ ಬಲಿತ ಮರದ್ದೇ ಆಗಬೇಕು, ಎಳೇದಾದರೆ ಕುಂಬು ಹಿಡಿಯುತ್ತದೆ. ಗೋಡೆಗೂ ದಬ್ಬೆಗೂ ನಡುವೆ ಎರಡು ಬೆರಳು ಸಂದಿ ಬಿಟ್ಟಿದ್ದೇವೆ, ಒರಲೆ (ಗೆದ್ದಲು) ಮಣ್ಣು ಏರಿಸಿದರೆ ಕಣ್ಣಿಗೆ ಕಾಣಲಿ ಅಂತ. ಕೊಕ್ಕೆ ಎದೆ ಎತ್ತರದಲ್ಲಿದೆ, ಬೆಲ್ಟ್ ಹಾಕಿಕೊಂಡು ನಿಂತ ಜಾಗದಿಂದಲೇ ಮಷಿನ್ ಎತ್ತಿಕೊಳ್ಳಬಹುದು. ಪಕ್ಕದ ಮೊಳೆಗೆ ಕನ್ನಡಕ, ಪ್ಲಗ್ ಸ್ಪ್ಯಾನರ್, 40 ಮಿಲಿ ಗುರುತು ಹಾಕಿದ ಸಣ್ಣ ಬಾಟಲಿ. ಈ ಬಾಟಲಿ ಹುಡುಕುವುದರಲ್ಲೇ ಎಷ್ಟೋ ಕೆಲಸ ನಾಳೆಗೆ ಹೋಗಿರುತ್ತದೆ. ಪೆಟ್ರೋಲ್ ಕ್ಯಾನ್ ಮಾತ್ರ ಹುಲ್ಲಿನ ಹತ್ತಿರ ಬೇಡ ಅಂತ ಬೇರೆ ಕಡೆ.

ಇಡುವ ಕ್ರಮ ಹೀಗೆ: ಟ್ಯಾಂಕ್ ಪೂರ್ತಿ ಬಗ್ಗಿಸಿ, ತಾನಾಗಿ ನಿಲ್ಲುವ ತನಕ ಓಡಿಸುವುದು. ಆಮೇಲೆ ಪ್ಲಗ್ ರಂಧ್ರಕ್ಕೆ ಸ್ವಲ್ಪ ಆಯಿಲ್ ಬಿಟ್ಟು, ಪ್ಲಗ್ ವಾಪಸ್ ಹಾಕಿ, ಹಗ್ಗವನ್ನು ತಡೆ ಸಿಗುವ ತನಕ ನಿಧಾನ ಎಳೆದು ಬಿಡುವುದು. ಆಗ ಪಿಸ್ಟನ್ ಮೇಲೆ ನಿಂತು ಸೈಲೆನ್ಸರ್ ಪೋರ್ಟ್ ಮುಚ್ಚುತ್ತದೆ, ಆ ದಾರಿಯಾಗಿ ತೇವದ ಗಾಳಿ ಒಳಗೆ ಹೋಗುವುದಿಲ್ಲ. ಸೈಲೆನ್ಸರ್ ಬಾಯಿಗೆ ಬಟ್ಟೆ ತುಂಡು, ಅದಕ್ಕೊಂದು ಉದ್ದ ಕೆಂಪು ದಾರ, ತೆಗೆಯಲು ಮರೆಯಬಾರದಲ್ಲ. ಪೂರ್ತಿ ಒಣಗಿಸಿದರೆ ಡಯಾಫ್ರಂ ಗಟ್ಟಿಯಾಗುತ್ತದೆ ಅನ್ನುವ ವಾದವೂ ಇದೆ, ಅದರಲ್ಲಿ ಸ್ವಲ್ಪ ಸತ್ಯ ಇದೆ. ಆದರೂ ಇ20 ಒಳಗೆ ಬಿಟ್ಟು ಅಂಟು ಕಟ್ಟಿಸುವುದಕ್ಕಿಂತ ನನಗೆ ಒಣಗಿಸುವುದೇ ಸರಿ ಅನ್ನಿಸುತ್ತದೆ. ತಿಂಗಳಿಗೊಮ್ಮೆ ಹೊಸ ಪೆಟ್ರೋಲ್ ಹಾಕಿ ಐದು ನಿಮಿಷ ಓಡಿಸುವವರು ಇದ್ದರೆ ಇನ್ನೂ ಒಳ್ಳೆಯದು, ಅಂಥವರನ್ನು ನಾನಿನ್ನೂ ಕಂಡಿಲ್ಲ.

ಉಳಿದದ್ದರ ಬಗ್ಗೆ ಚುಟುಕಾಗಿ. ಉಜ್ಜುಗೊರಡಿನ ಬಾಯಿ ತುಕ್ಕು ಹಿಡಿದಿತ್ತು. ಸಿಟ್ರಿಕ್ ಆಸಿಡ್ ಪುಡಿ ಕರಗಿಸಿದ ಬಿಸಿನೀರಲ್ಲಿ ರಾತ್ರಿ ನೆನೆಸಿ, ಉಜ್ಜಿ, ತೊಳೆದು, ಒರೆಸಿ, ಹೊಲಿಗೆ ಮಷಿನ್ ಎಣ್ಣೆ ಸವರಿದ್ದಾಯಿತು. ಉಕ್ಕು ಒಳ್ಳೆಯದು, ಕಲ್ಲಿಗೆ ತಿಕ್ಕಿದರೆ ಸಾಣೆ ಬರುತ್ತದೆ.

ಡ್ರಿಲ್ ಬದುಕಿದೆ, ಬ್ಯಾಟರಿ ಹೋಗಿದೆ. 18 ವೋಲ್ಟ್ ಪ್ಯಾಕ್ ಅಂದರೆ ಒಳಗೆ ಸಾಲಾಗಿ ಐದು ಲಿಥಿಯಂ ಸೆಲ್, ಒಂದೊಂದು 3.6 ವೋಲ್ಟಿನದು. ಖಾಲಿ ಮಾಡಿ ಇಟ್ಟರೆ ತಾನಾಗಿಯೇ ಇನ್ನೂ ಇಳಿಯುತ್ತಾ ಹೋಗುತ್ತದೆ, ತೀರಾ ಇಳಿದ ಮೇಲೆ ಚಾರ್ಜರ್ ಕೆಂಪು ದೀಪ ಮಿಣುಕಿಸಿ ಕೈ ಎತ್ತುತ್ತದೆ. ಇನ್ನೊಂದು ಬ್ಯಾಟರಿಯಿಂದ ತಂತಿ ಕೊಟ್ಟು ಎಬ್ಬಿಸುವ ವಿಡಿಯೋಗಳು ಬೇಕಾದಷ್ಟು ಇವೆ. ನಾನು ಮಾಡಲಿಲ್ಲ. ಅಷ್ಟು ಇಳಿದ ಸೆಲ್ ಒಳಗೆ ಶಾರ್ಟ್ ಆಗಿ ಬೆಂಕಿ ಹಿಡಿಯಬಹುದು, ಅದೂ ಹುಲ್ಲು ಇರುವ ಕೊಟ್ಟಿಗೆಯಲ್ಲಿ. ಅರ್ಧ ಚಾರ್ಜ್ ಮಾಡಿ, ತಂಪು ಜಾಗದಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದರೆ ಸಾಕಾಗಿತ್ತು. ತಿಂಗಳಿಗೆ ಒಂದು ರಂಧ್ರ ಕೊರೆಯುವವರಿಗೆ ವೈರ್ ಇರುವ ಡ್ರಿಲ್ಲೇ ಸರಿ. ಬೆಲೆ ಕಮ್ಮಿ, ಬ್ಯಾಟರಿಯ ಗೋಳೂ ಇಲ್ಲ.

ವೆಲ್ಡಿಂಗ್ ಮಷಿನ್‌ನಲ್ಲಿ ಕೆಟ್ಟದ್ದು ಏನೂ ಇಲ್ಲ. ತೋಟದ ಮನೆಯಲ್ಲಿ ಸಂಜೆ ವೋಲ್ಟೇಜ್ 170ಕ್ಕೆ ಇಳಿಯುತ್ತದೆ, ಅಲ್ಲಿ ಅದು ಉರಿಯುವುದೇ ಇಲ್ಲ. ರಾಡುಗಳೂ ತೇವ ಕುಡಿದು ಮೇಲಿನ ಪದರ ಉದುರುತ್ತಿತ್ತು. ಇದನ್ನು ರಿಪೇರಿ ಮಾಡಲು ಲೈನ್ ಬದಲಿಸಬೇಕು, ಅದು ನಮ್ಮ ಕೈಲಿಲ್ಲ. ಮಾರಿಬಿಡಿ ಅಂದೆ. ವರ್ಷಕ್ಕೆ ಒಂದು ಗೇಟು ಬೆಸೆಯಲು ಪೇಟೆಯ ವರ್ಕ್‌ಶಾಪೇ ಸಾಕು. ದೊಡ್ಡ ಯಂತ್ರಗಳಿಗಂತೂ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿವೆ. ಬ್ರಷ್ ಕಟರ್ ಬೇರೆ ಮಾತು. ಕಳೆ ಹೊಡೆಯಲು ಮಷಿನ್ ಸಮೇತ ಬರುವ ಆಳು ದಿನಕ್ಕೆ ಸಾವಿರದ ಮೇಲೆ ಕೇಳುತ್ತಾರೆ, ಅದೂ ಎಲ್ಲರಿಗೂ ಒಂದೇ ವಾರ ಬೇಕು. ಬೇಕಾದಾಗ ಸಿಗದ್ದನ್ನು ಕೊಳ್ಳುವುದರಲ್ಲಿ ಅರ್ಥ ಇದೆ.

ಬಾಕಿ ಉಳಿದದ್ದು ಎಚ್‌ಟಿಪಿ ಪಂಪ್. ಬೋರ್ಡೋ, ಅಂದರೆ ಆ ಕೊಳೆ ಔಷಧಿ, ಹೊಡೆದ ಮೇಲೆ ನೀರು ಹಾಯಿಸಿ ತೊಳೆಯದೆ ಇಟ್ಟಿದ್ದಾರೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಅದೇ ಒಳಗೆ ಗಾರೆಯಾಗಿ ಕೂತಿದೆ, ವಾಲ್ವ್‌ಗಳು ಹಸಿರು ಬಣ್ಣಕ್ಕೆ ತಿರುಗಿವೆ. ಕ್ರ್ಯಾಂಕ್ ಬದಿಯ ಆಯಿಲ್ ಕೆಡದೆ ಇದ್ದದ್ದು ಸಮಾಧಾನ, ಹಾಲಿನ ಬಣ್ಣ ಬಂದಿದ್ದರೆ ನೀರು ನುಗ್ಗಿದೆ ಅಂತ ಅರ್ಥ. ಔಷಧಿ ತಳ್ಳುವ ಮೂರು ಪ್ಲಂಜರ್‌ಗೂ ಸೀಲ್ ತರಿಸಲು ಹೇಳಿದ್ದೇವೆ. ಅದು ಬಂದ ಮೇಲೆ ಬಿಚ್ಚುವುದು, ಮೇ ಮುಗಿಯುವ ಒಳಗೆ.